ಗಾಂಜಾದ ಅಮಲೂ ದುಡಿಮೆಯ ಹೊಣೆಯೂ

ಒಬ್ಬನ ಕೈಯ ಎಚ್ಚರವು ಮತ್ತೊಬ್ಬನ ಪ್ರಾಣಕ್ಕೆ ಕಾವಲಾಗಿರುವುದು ದುಡಿಯುವ ಜನರ ನಿತ್ಯಜೀವನದ ನಿಯಮ. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಗಳಲ್ಲಿ ಇದನ್ನು ಕಾಣಲು ಬಹುದೂರ ಹೋಗಬೇಕಾದುದಿಲ್ಲ. ತರೀಕೆರೆಯ ಕಡೆಯ ಅಡಿಕೆ ತೋಟದಲ್ಲಿ ಮರದ ತುದಿಯಲ್ಲಿರುವ ಕೊನೆಗಾರನು ಕೆಳಗೆ ಹಗ್ಗ ಹಿಡಿದವನನ್ನು ನಂಬಿ ಗೊನೆಯನ್ನು ಇಳಿಬಿಡುವನು. ಕಡೂರಿನ ತೆಂಗಿನ ತೋಟದಲ್ಲಿ ಕಾಯಿ ಕೆಡಹುವವನನ್ನು ನಂಬಿ ಹೆಂಗಸರು ಮರದ ಬುಡದಲ್ಲಿ ಕಾಯಿ ಆಯುವರು. ಅಜ್ಜಂಪುರದ ಹೊಲಗಳಲ್ಲಿ ಹಗಲೆಲ್ಲ ಈರುಳ್ಳಿ ಕಿತ್ತು ದಣಿದ ಕೂಲಿಯಾಳುಗಳು ಟ್ರ್ಯಾಕ್ಟರು ನಡೆಸುವವನನ್ನು ನಂಬಿ ಹಿಂದಿನ ಟ್ರೈಲರಿನಲ್ಲಿ ಕುಳಿತು ಕಣ್ಣು ಮುಚ್ಚುವರು. ಈ ನಂಬಿಕೆಗೆ ಕೂಲಿಯ ಲೆಕ್ಕದಲ್ಲಿ ಬೆಲೆ ಕಟ್ಟುವವರಿಲ್ಲ. ಆದರೂ ಅದಿಲ್ಲದೆ ಒಂದು ದಿನದ ದುಡಿಮೆಯೂ ಸಾಗದು. ಗಾಂಜಾ ಎಂಬ ಅಮಲು ಪದಾರ್ಥವು ಈ ನಂಬಿಕೆಯನ್ನು ಒಳಗಿನಿಂದ ಹೇಗೆ ಕೊರೆಯುವುದೆಂಬುದನ್ನೂ, ಅದಕ್ಕೆ ಮನೆಯವರೂ ಊರವರೂ ಮಾಡತಕ್ಕುದೇನೆಂಬುದನ್ನೂ ಈ ಪಾಠದಲ್ಲಿ ವಿಚಾರಮಾಡೋಣ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದುಶ್ಚಟಗಳ ವಿಷಯವಾಗಿ ಬರೆಯುವವರು ಓದುವವರನ್ನು ಹೆದರಿಸುವ ವಾಡಿಕೆಯುಂಟು. ಒಂದೇ ದಮ್ಮು ಸೇದಿದವನಿಗೆ ಹುಚ್ಚು ಹಿಡಿಯುವುದೆಂದೂ, ಸೇದಿದವರೆಲ್ಲರೂ ಕೊಲೆಗಡುಕರಾಗುವರೆಂದೂ ಹೇಳಿದರೆ, ನೆರೆಮನೆಯಲ್ಲಿ ಚಿಲುಮೆ ಸೇದಿ ಸುಮ್ಮನೆ ಜಗಲಿಯ ಮೇಲೆ ಕುಳಿತಿರುವ ಮುದುಕನನ್ನು ಕಂಡ ಹುಡುಗನು ಆ ಮಾತನ್ನು ನಂಬಲಾರನು. ಸುಳ್ಳಿನ ಜೊತೆಗೆ ಇದ್ದ ನಿಜವನ್ನೂ ಅವನು ಎಸೆದುಬಿಡುವನು. ಆದುದರಿಂದ ನಾವು ಇಲ್ಲಿ ಇದ್ದುದನ್ನು ಇದ್ದಷ್ಟೇ ಹೇಳುವೆವು. ನಮ್ಮ ದೇಶದಲ್ಲಿ ಮದ್ಯದ ಹಾವಳಿಯು ಗಾಂಜಾದ ಹಾವಳಿಗಿಂತ ಬಹಳ ದೊಡ್ಡದು. ೨೦೧೯ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ೧೦ರಿಂದ ೭೫ ವರ್ಷ ವಯಸ್ಸಿನವರಲ್ಲಿ ಮದ್ಯ ಸೇವಿಸುವವರು ನೂರಕ್ಕೆ ೧೪.೬ರಷ್ಟು, ಭಂಗಿ, ಗಾಂಜಾ, ಚರಸ್ಸುಗಳಲ್ಲಿ ಯಾವುದಾದರೊಂದನ್ನು ಒಂದು ವರ್ಷದೊಳಗೆ ಬಳಸಿದವರು ನೂರಕ್ಕೆ ೨.೮ರಷ್ಟು. ನೂರಕ್ಕೆ ಮೂವರೂ ಇಲ್ಲವೆಂದು ಇದನ್ನು ಹಗುರವಾಗಿ ಎಣಿಸಬಾರದು. ನಮ್ಮಂಥ ದೊಡ್ಡ ದೇಶದಲ್ಲಿ ಅದು ಸುಮಾರು ೩ ಕೋಟಿ ೧೦ ಲಕ್ಷ ಜನರ ಸಂಖ್ಯೆ.

೧. ಗಿಡವೂ ಅದರ ಚರಿತ್ರೆಯೂ

ಈ ಅಮಲು ಒಂದೇ ಗಿಡದಿಂದ ಮೂರು ರೂಪಗಳಲ್ಲಿ ಬರುವುದು. ಎಲೆಯನ್ನು ಅರೆದು ಕುಡಿಯುವುದು ಅಥವಾ ತಿನ್ನುವುದು ಭಂಗಿ. ಹೂವಿನ ತುದಿಗಳನ್ನು ಒಣಗಿಸಿ ಚಿಲುಮೆಯಲ್ಲಾಗಲಿ ಬೀಡಿಯಲ್ಲಾಗಲಿ ತುಂಬಿ ಸೇದುವುದು ಗಾಂಜಾ. ಗಿಡದ ಅಂಟನ್ನು ತೆಗೆದು ಮಾಡಿದುದು ಚರಸ್. ಹಳ್ಳಿಯ ಮಾತಿನಲ್ಲಿ ಇವುಗಳ ಹೆಸರುಗಳು ಒಂದರೊಡನೊಂದು ಬೆರೆತುಹೋಗಿರುವುದುಂಟು. ಕಾನೂನು ಮಾತ್ರ ಅವುಗಳನ್ನು ಬೇರೆ ಬೇರೆಯಾಗಿಯೇ ನೋಡುವುದು.

ಇದರ ಬಳಕೆ ಹೊಸದಲ್ಲ. ಇದರ ಒಳಿತು ಕೆಡಕುಗಳ ವಿಚಾರಣೆಯೂ ಹೊಸದಲ್ಲ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಮೇಲೆ ಹಿಂದೂಸ್ಥಾನದ ಸರ್ಕಾರವು ೧೮೯೩ರಲ್ಲಿ ಏಳು ಮಂದಿಯ ಒಂದು ಆಯೋಗವನ್ನು ನೇಮಿಸಿತು. ಅದು ೧,೧೯೩ ಮಂದಿ ಸಾಕ್ಷಿಗಳ ಹೇಳಿಕೆಗಳನ್ನು ಪಡೆದು ೧೮೯೪ರಲ್ಲಿ ವರದಿಯನ್ನು ಒಪ್ಪಿಸಿತು. ಮಿತವಾಗಿ ಬಳಸುವವರಲ್ಲಿ ಹೆಚ್ಚಿನ ಕೇಡು ಕಾಣಲಿಲ್ಲವೆಂದೂ, ಅತಿಯಾದರೆ ದೇಹಕ್ಕೂ ಮನಸ್ಸಿಗೂ ಹಾನಿಯೆಂದೂ, ಪೂರ್ತಿಯಾಗಿ ನಿಷೇಧಿಸುವುದಕ್ಕಿಂತ ಸುಂಕ, ಕಟ್ಟುಪಾಡುಗಳಿಂದ ಹಿಡಿತದಲ್ಲಿಡುವುದು ಲೇಸೆಂದೂ ಆ ವರದಿಯು ಅಭಿಪ್ರಾಯಪಟ್ಟಿತು. ಕೂಲಿಗಾರರು ಆಯಾಸವನ್ನು ಮರೆಯುವುದಕ್ಕಾಗಿ ಇದನ್ನು ಬಳಸುವರೆಂಬ ಮಾತೂ ಅದರಲ್ಲಿ ಕಾಣುವುದು. ಗಾಂಜಾದ ಪಕ್ಷ ವಹಿಸಿ ಮಾತಾಡುವವರು ಇಂದಿಗೂ ಈ ವರದಿಯನ್ನು ಎತ್ತಿ ತೋರಿಸುವರು.

ಆದರೆ ಆ ಆಯೋಗದವರು ವಿಚಾರಣೆ ನಡೆಸಿದ ಕಾಲದಲ್ಲಿ ನಮ್ಮ ದಾರಿಗಳಲ್ಲಿ ಮೋಟಾರುಗಳೇ ಇರಲಿಲ್ಲವೆಂಬುದನ್ನು ಮರೆಯಲಾಗದು. ಆಗ ಸರಕು ಸಾಗುತ್ತಿದ್ದುದು ಎತ್ತಿನ ಗಾಡಿಗಳಲ್ಲಿ. ಅಜ್ಜಂಪುರವು ಅಮೃತಮಹಲ್ ತಳಿಯ ದನಗಳಿಗೆ ಹೆಸರಾದ ಸ್ಥಳ. ಆ ತಳಿಯನ್ನು ಕಾಪಾಡುವುದಕ್ಕಾಗಿ ೧೯೨೯ರಲ್ಲಿ ಸ್ಥಾಪಿತವಾದ ಕೇಂದ್ರವು ಅಲ್ಲಿದೆ. ಪಳಗಿದ ಎತ್ತುಗಳನ್ನು ಹೂಡಿದ ಗಾಡಿಯವನು ನೊಗದ ಹಿಂದೆ ತೂಕಡಿಸಿದರೂ ಎತ್ತುಗಳು ತಾವಾಗಿಯೇ ಮನೆಯ ದಾರಿ ಹಿಡಿಯುತ್ತಿದ್ದವು. ಎದುರಿಗೆ ಹಳ್ಳ ಬಂದರೆ ನಿಲ್ಲುತ್ತಿದ್ದವು. ಅಂಥ ಗಾಡಿಯಲ್ಲಿ ಬುದ್ಧಿಯು ಮೂರು ತಲೆಗಳಲ್ಲಿತ್ತು: ಒಂದು ಮನುಷ್ಯನದು, ಎರಡು ಎತ್ತುಗಳವು. ಇಂದು ತುಮಕೂರಿನಿಂದ ಕಡೂರು, ಬೀರೂರು, ತರೀಕೆರೆಗಳ ಮೇಲೆ ಶಿವಮೊಗ್ಗೆಗೂ ಹೊನ್ನಾವರಕ್ಕೂ ಹೋಗುವ ಬಿ.ಎಚ್. ರಸ್ತೆಯಲ್ಲಿ ಹಗಲೂ ರಾತ್ರಿಯೂ ಓಡುವ ಲಾರಿಗಳಲ್ಲಿ ಬುದ್ಧಿಯಿರುವುದು ಒಂದೇ ತಲೆಯಲ್ಲಿ. ಅದು ಮಂಕಾದರೆ ಟನ್ನುಗಟ್ಟಲೆ ಕಬ್ಬಿಣಕ್ಕೆ ದಾರಿ ತೋರಿಸುವವರು ಯಾರೂ ಇರುವುದಿಲ್ಲ. ೧೮೯೪ರ ತೀರ್ಪನ್ನು ಇಂದಿನ ರಸ್ತೆಗೆ ಹಾಗೆಯೇ ಅನ್ವಯಿಸಲಾಗದುದು ಇದರಿಂದಲೇ.

೨. ಅಮಲು ಮಾಡುವ ಕೆಲಸ

ಗಾಂಜಾದಲ್ಲಿರುವ ಮುಖ್ಯವಾದ ಅಮಲುಸತ್ತ್ವಕ್ಕೆ ಟಿ.ಎಚ್.ಸಿ. ಎಂದು ಸಂಕ್ಷೇಪವಾದ ಹೆಸರು. ೧೯೬೪ರಲ್ಲಿ ಇಸ್ರೇಲ್ ದೇಶದ ರಫೇಲ್ ಮೆಕೂಲಮ್, ಯೆಹಿಯೆಲ್ ಗವೋನಿ ಎಂಬ ವಿಜ್ಞಾನಿಗಳು ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಬೀಗಕ್ಕೆ ಹೊಂದುವ ಬೀಗದಕೈಯಂತೆ ಈ ಸತ್ತ್ವಕ್ಕೆ ಹೊಂದುವ ಸ್ಥಾನಗಳು ನಮ್ಮ ಮೆದುಳಿನಲ್ಲಿರುವುದು ೧೯೮೮ರಲ್ಲಿ ತಿಳಿದುಬಂತು. ನಮ್ಮ ದೇಹವೇ ಇಂಥದೊಂದು ವಸ್ತುವನ್ನು ಅಲ್ಪ ಪ್ರಮಾಣದಲ್ಲಿ ಮಾಡಿಕೊಳ್ಳುವುದೆಂಬುದು ೧೯೯೨ರಲ್ಲಿ ಗೊತ್ತಾಯಿತು. ಅದನ್ನು ಕಂಡುಹಿಡಿದ ಜೆರೂಸಲೇಮಿನ ವಿಜ್ಞಾನಿಗಳು ನಮ್ಮ ಆನಂದ ಎಂಬ ಶಬ್ದವನ್ನೇ ತೆಗೆದುಕೊಂಡು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ದೇಹವು ತನಗೆ ಬೇಕಾದಾಗ ಬೇಕಾದ ಕಡೆ ತೊಟ್ಟು ತೊಟ್ಟಾಗಿ ಇದನ್ನು ಮಾಡಿ ಬೇಗನೆ ಕರಗಿಸಿಬಿಡುವುದು. ಗಾಂಜಾ ಸೇದಿದವನಲ್ಲಿಯಾದರೋ ಹೊರಗಿನ ಸತ್ತ್ವವು ಕೋಡಿ ಹರಿದ ಕೆರೆಯ ನೀರಿನಂತೆ ಎಲ್ಲ ಕಡೆಗೂ ಒಮ್ಮೆಗೇ ನುಗ್ಗುವುದು.

ಹೀಗೆ ನುಗ್ಗುವ ಸ್ಥಾನಗಳಲ್ಲಿ ಮೂರನ್ನು ನಾವು ತಿಳಿದಿರಬೇಕು. ಮೊದಲನೆಯದು ಕೈಕಾಲುಗಳ ಹೊಂದಾಣಿಕೆಯನ್ನು ನೋಡಿಕೊಳ್ಳುವ ಕಿರುಮೆದುಳು. ಎರಡನೆಯದು ಈಗತಾನೆ ಕಂಡುದನ್ನು ನೆನಪಿನಲ್ಲಿಡುವ ಭಾಗ. ಮೂರನೆಯದು ಕಾಲದ ಅಳತೆಯನ್ನೂ ಗಮನವನ್ನೂ ನಡೆಸುವ ಭಾಗಗಳು. ಆದಕಾರಣವೇ ಸೇದಿದವನಿಗೆ ಒಂದು ನಿಮಿಷವು ಬಹಳ ಹೊತ್ತಾಗಿ ತೋರುವುದು. ಕನ್ನಡಿಯಲ್ಲಿ ಈಗತಾನೆ ಕಂಡ ಬೈಸಿಕಲ್ಲು ಮರೆತುಹೋಗುವುದು. ಗಾಡಿಯು ತನ್ನ ಸಾಲನ್ನು ಬಿಟ್ಟು ಅತ್ತಿತ್ತ ಸರಿಯುವುದು. ಎರಡು ಮೂರು ಕಡೆ ಏಕಕಾಲದಲ್ಲಿ ಗಮನವಿಡುವ ಶಕ್ತಿ ಕುಂದುವುದು. ಸೇದಿದರೆ ಅಮಲು ಕೆಲವು ನಿಮಿಷಗಳಲ್ಲಿಯೇ ಏರುವುದು, ಹಲವು ಗಂಟೆಗಳ ಕಾಲ ನಿಲ್ಲುವುದು. ತಿಂದರೆ ಏರಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೂ ಹಿಡಿಯುವುದು, ಇಳಿಯಲು ಇನ್ನೂ ಹೆಚ್ಚು ಹೊತ್ತು ಬೇಕಾಗುವುದು. ಏರಲಿಲ್ಲವೆಂದು ಮತ್ತಷ್ಟು ತಿಂದು ಪ್ರಯಾಣ ಹೊರಟವನಿಗೆ ಎರಡು ಪಾಲಿನ ಅಮಲೂ ನಡುದಾರಿಯಲ್ಲಿ ಏರುವುದು.

ಇಲ್ಲಿ ನಮ್ಮ ಬಾಲಿಕೆಯರು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿಯು ಒಂದು ಸೆಕೆಂಡಿನಲ್ಲಿ ಎಷ್ಟು ದೂರ ಹೋಗುವುದು? ೬೦,೦೦೦ ಮೀಟರುಗಳನ್ನು ೩,೬೦೦ರಿಂದ ಭಾಗಿಸಿದರೆ ೧೬ ಮೀಟರಿಗಿಂತ ಸ್ವಲ್ಪ ಹೆಚ್ಚು ಬರುವುದು. ಆದುದರಿಂದ ಬ್ರೇಕನ್ನು ತುಳಿಯಲು ಅರ್ಧ ಸೆಕೆಂಡು ತಡವಾದರೂ ಗಾಡಿಯು ೮ ಮೀಟರು ಮುಂದೆ ಹೋಗಿರುವುದು. ಹಳ್ಳಿಯ ರಸ್ತೆಯೊಂದರ ಅಗಲವು ಅದಕ್ಕಿಂತಲೂ ಕಡಮೆ. ದಾಟುತ್ತಿರುವ ಮಗುವಿನ ಬದುಕೂ ಸಾವೂ ಆ ಅರ್ಧ ಸೆಕೆಂಡಿನಲ್ಲಿ ಅಡಗಿರುವುವು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೨ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಪತ್ರಿಕೆಯು ಪ್ರಕಟಿಸಿದ ಲೆಕ್ಕದಂತೆ, ಗಾಂಜಾ ಸೇವಿಸಿದ ಬಳಿಕ ಬೇಗನೆ ವಾಹನ ನಡೆಸುವವನಿಗೆ ಅಪಘಾತದ ಸಂಭವವು ಸುಮಾರು ಇಮ್ಮಡಿಯಾಗುವುದು. ಅಪಾಯವು ಇದಕ್ಕಿಂತ ಕಡಮೆಯೆಂದು ಅನಂತರದ ಕೆಲವು ಲೆಕ್ಕಗಳು ಹೇಳಿದರೂ, ಅಪಾಯವಿಲ್ಲವೆಂದು ಅವು ಹೇಳಲಿಲ್ಲ.

ಇವೆಲ್ಲಕ್ಕಿಂತಲೂ ಮುಖ್ಯವಾದ ಸಂಗತಿ ಮತ್ತೊಂದುಂಟು. ಅಮೆರಿಕದ ಸ್ಯಾನ್ ಡಿಯೇಗೋ ನಗರದಲ್ಲಿ ಗಾಂಜಾ ಸೇದುವ ಅಭ್ಯಾಸವುಳ್ಳ ೧೯೧ ಮಂದಿಯನ್ನು ಕೃತಕ ಚಾಲನಾಯಂತ್ರದ ಮುಂದೆ ಕೂರಿಸಿ ಪರೀಕ್ಷಿಸಿದ ಅಧ್ಯಯನವೊಂದು ೨೦೨೨ರಲ್ಲಿ ಪ್ರಕಟವಾಯಿತು. ಸೇದಿದ ಅರ್ಧ ಗಂಟೆಯ ಮೇಲೆ ಅವರ ಚಾಲನೆಯು ಕುಂದಿತ್ತು. ಒಂದೂವರೆ ಗಂಟೆಯ ಮೇಲೆಯೂ ಕುಂದಿಯೇ ಇತ್ತು. ಆದರೆ ಅಷ್ಟು ಹೊತ್ತಿಗೆ ಅವರಲ್ಲಿ ಬಹುಮಂದಿ ತಾವು ಗಾಡಿ ನಡೆಸಲು ಸಿದ್ಧರಾಗಿರುವೆವೆಂದು ಹೇಳತೊಡಗಿದ್ದರು. ಕುಂದು ಬಹುಮಟ್ಟಿಗೆ ಮರೆಯಾದುದು ನಾಲ್ಕೂವರೆ ಗಂಟೆಗಳಾದ ಮೇಲೆ. ಇದರ ಅರ್ಥವನ್ನು ಚೆನ್ನಾಗಿ ಮನನ ಮಾಡಬೇಕು. ಮನಸ್ಸು ಮೊದಲು ಸರಿಹೋಯಿತೆಂದು ಹೇಳುವುದು. ಕೈಯು ಸರಿಹೋಗುವುದು ಆಮೇಲೆ. ಅಮಲು ಮೊದಲು ಕದಿಯುವುದು ಮನುಷ್ಯನು ತನ್ನನ್ನು ತಾನೇ ಅಳೆದುಕೊಳ್ಳುವ ಕೋಲನ್ನು. ಆದುದರಿಂದ “ನನಗೆ ಏನೂ ಆಗಿಲ್ಲ” ಎಂಬ ಮಾತು ಸೇದಿದವನ ಬಾಯಿಂದ ಬಂದಾಗ ಅದು ಸುಳ್ಳಾಗಿರಬೇಕಾದುದಿಲ್ಲ. ಅವನಿಗೆ ಹಾಗೆಯೇ ತೋರುತ್ತಿರಬಹುದು. ಆದರೆ ಅದನ್ನು ಸಾಕ್ಷ್ಯವೆಂದು ಸ್ವೀಕರಿಸಲಾಗದು.

೩. ಸಾಮಾನ್ಯವಾಗಿ ಕೇಳಿಬರುವ ಮೂರು ಮಾತುಗಳು

ದುಡಿಯುವ ಜನರಲ್ಲಿ ಕೆಲವರು ಗಾಂಜಾವು ಮೈಗೆ ಕಸುವು ಕೊಡುವುದೆನ್ನುವರು. ಭಾರ ಹೊರುವವನಿಗೂ ರಾತ್ರಿಯೆಲ್ಲ ಲಾರಿ ಓಡಿಸುವವನಿಗೂ ಆಯಾಸ ಮರೆಯಿಸುವ ವಸ್ತು ಬೇಕೆನಿಸುವುದು ಸಹಜವೇ. ಅದನ್ನು ಕಂಡು ನಗುವವರು ಒಂದು ದಿನವೂ ಆ ಮೂಟೆಗಳನ್ನು ಹೊತ್ತವರಲ್ಲ. ಆದರೆ ಗಾಂಜಾದಲ್ಲಿ ಅನ್ನದ ಗುಣವಿಲ್ಲ. ಅದು ಆಯಾಸವನ್ನು ತೆಗೆಯುವುದಿಲ್ಲ, ಆಯಾಸದ ಸುದ್ದಿಯನ್ನು ತಡೆಯುವುದು. ಕಾವಲುನಾಯಿಯ ಬಾಯಿ ಕಟ್ಟಿದ ಮಾತ್ರಕ್ಕೆ ಕಳ್ಳನು ಓಡಿಹೋದಂತಾಗುವುದೆ? ದಣಿದ ದೇಹಕ್ಕೆ ಬೇಕಾದುದು ನಿದ್ದೆ, ಊಟ, ನೀರು, ಮಿತವಾದ ಕೆಲಸದ ಹೊತ್ತು. ಇವುಗಳನ್ನು ಕೊಡದ ಮಾಲೀಕನೂ ಆ ಚಿಲುಮೆಗೆ ಕೆಂಡವಿಟ್ಟವರಲ್ಲಿ ಒಬ್ಬನು.

ಎರಡನೆಯ ಮಾತು, ಕುಡಿದವನು ಹುಚ್ಚುವೇಗದಿಂದ ಓಡಿಸುವನು, ಸೇದಿದವನು ಮೆಲ್ಲಗೆ ಹೋಗುವನು ಎಂಬುದು. ಇದರಲ್ಲಿ ಸ್ವಲ್ಪ ನಿಜವುಂಟು. ಗಾಂಜಾ ಸೇದಿದವರು ವೇಗವನ್ನು ತಗ್ಗಿಸುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಮೆಲ್ಲಗೆ ಹೋಗುವುದೇ ಬೇರೆ, ಎಚ್ಚರದಿಂದ ಹೋಗುವುದೇ ಬೇರೆ. ಎಮ್ಮೆಯು ಫಕ್ಕನೆ ಅಡ್ಡ ಬಂದಾಗ, ಎದುರಿನ ಬಸ್ಸು ದೀಪ ತಗ್ಗಿಸದೆ ನುಗ್ಗಿದಾಗ ಬೇಕಾದುದು ಕ್ಷಣದ ನಿರ್ಧಾರ. ಅದೇ ಅಲ್ಲಿ ಇಲ್ಲ. ಅದಲ್ಲದೆ ಅನೇಕರು ಗಾಂಜಾವನ್ನೂ ಮದ್ಯವನ್ನೂ ಒಟ್ಟಿಗೆ ಬಳಸುವರು. ಆಗ ಒಂದರ ಕೇಡಿಗೆ ಇನ್ನೊಂದರ ಕೇಡು ಸೇರಿ ಅಪಾಯವು ಎರಡಕ್ಕಿಂತಲೂ ಮಿಗಿಲಾಗುವುದು.

ಮೂರನೆಯ ಮಾತನ್ನು ಓದಿದ ಯುವಕರು ಹೇಳುವರು: ಬೇರೆ ದೇಶಗಳಲ್ಲಿ ಇದಕ್ಕೆ ಅನುಮತಿ ಕೊಟ್ಟಿರುವರಲ್ಲ? ನಿಜ. ಉರುಗ್ವೆ ದೇಶವು ೨೦೧೩ರಲ್ಲಿಯೂ, ಕೆನಡಾ ದೇಶವು ೨೦೧೮ರಲ್ಲಿಯೂ ಕಟ್ಟುಪಾಡುಗಳೊಡನೆ ಅನುಮತಿ ಕೊಟ್ಟವು. ಆದರೆ ಅದೇ ಕೆನಡಾ ದೇಶವು ವಾಹನ ನಡೆಸಿದ ಎರಡು ಗಂಟೆಗಳೊಳಗೆ ರಕ್ತದಲ್ಲಿ ಟಿ.ಎಚ್.ಸಿ.ಯ ಅಂಶವು ಒಂದು ಮಿಲಿಲೀಟರಿಗೆ ೨ ನ್ಯಾನೋಗ್ರಾಮಿನಷ್ಟಿದ್ದರೂ ಅಪರಾಧವೆಂದು ವಿಧಿಸಿದೆ. ೫ ನ್ಯಾನೋಗ್ರಾಮಿಗೆ ಮುಟ್ಟಿದರೆ ದಂಡನೆ ಇನ್ನೂ ಕಠಿನ. ಮನೆಯಲ್ಲಿ ಸೇದಲು ಬಿಟ್ಟ ದೇಶವೂ ಸೇದಿದ ಕೈಗೆ ಚಕ್ರವನ್ನು ಕೊಟ್ಟಿಲ್ಲವೆಂಬುದನ್ನು ಆ ಯುವಕರು ಗಮನಿಸಬೇಕು.

೪. ಕೆಲಸದ ಸ್ಥಳದಲ್ಲಿ

ಅಪಾಯವು ರಸ್ತೆಯಲ್ಲಿ ಮಾತ್ರ ಇರುವುದೆಂದು ತಿಳಿಯಬಾರದು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವವರು ಪಾಚಿ ಕಟ್ಟಿ ಜಾರುವ ಮರಗಳನ್ನು ಏರಬೇಕು. ಸುಗ್ಗಿಯಲ್ಲಿ ರಾಗಿಯ ಒಕ್ಕಣೆಯ ಯಂತ್ರಕ್ಕೆ ತೆನೆಯನ್ನು ನೂಕುವವರ ಕೈಗೂ ತಿರುಗುವ ಉಕ್ಕಿಗೂ ನಡುವೆ ಇರುವುದು ಗೇಣುದ್ದದ ಎಚ್ಚರ ಮಾತ್ರ. ಅಡಿಕೆ ಬೇಯಿಸುವ ಹಂಡೆಯ ಕುದಿನೀರು, ಮರ ಕೊಯ್ಯುವ ಗರಗಸ, ಬಾವಿಗೆ ಇಳಿದವನನ್ನು ಮೇಲಕ್ಕೆ ಸೇದುವ ಹಗ್ಗ, ಇವೆಲ್ಲವೂ ಎಚ್ಚರದ ಕೈಗೆ ಸೇವಕರು, ಮಂಕಾದ ಕೈಗೆ ಶತ್ರುಗಳು. ಇಲ್ಲಿ ಬೀಳುವವನು ಸೇದಿದವನೇ ಆಗಿರಬೇಕೆಂಬ ನಿಯಮವೂ ಇಲ್ಲ. ಮೇಲಿರುವವನು ಸೇದಿ ಕೆಳಗಿರುವವನು ಸಾಯಬಹುದು. ಕೆಳಗಿರುವವನು ಸೇದಿ ಮೇಲಿರುವವನು ಸಾಯಬಹುದು. ಅಮಲು ಒಬ್ಬನದು, ಪೆಟ್ಟು ಮತ್ತೊಬ್ಬನದು. ಇದು ಅವನವನ ಖಾಸಗಿ ಸಂಗತಿಯೆಂಬ ವಾದವು ಕೆಲಸದ ಸ್ಥಳದಲ್ಲಿ ನಿಲ್ಲಲಾರದುದು ಈ ಕಾರಣದಿಂದ.

ಹೀಗಿದ್ದರೂ ಜೊತೆಗಾರರು ಬಾಯಿ ಬಿಡುವುದಿಲ್ಲ. ಮಕ್ಕಳೊಂದಿಗನು, ಕೂಲಿ ತಪ್ಪಿದರೆ ಮನೆ ಉಪವಾಸ ಬೀಳುವುದೆಂದು ಕನಿಕರಪಡುವರು. ಈ ಕನಿಕರವು ಒಳ್ಳೆಯ ಹೃದಯದಿಂದಲೇ ಬಂದುದು. ಆದರೂ ಅದರ ಬೆಲೆಯು ಎಷ್ಟಾಗಬಹುದೆಂಬುದಕ್ಕೆ ಹೊರದೇಶದ ಒಂದು ದೃಷ್ಟಾಂತವನ್ನು ನೋಡೋಣ. ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗೆಯ ದಾರಿಯೂ ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ದಾರಿಯೂ ಅಗಲುವುದನ್ನು ನಮ್ಮವರೆಲ್ಲರೂ ಬಲ್ಲರು; ಇಂಥ ಕೂಡುದಾರಿಗಳಲ್ಲಿ ಕೆಂಪು ದೀಪವನ್ನು ದಾಟದಿರುವುದೇ ರೈಲಿನ ಮೊದಲನೆಯ ಧರ್ಮ. ೧೯೮೭ನೆಯ ಜನವರಿ ೪ರಂದು ಅಮೆರಿಕದ ಮೇರಿಲೆಂಡ್ ಪ್ರಾಂತದ ಚೇಸ್ ಎಂಬಲ್ಲಿ ಸರಕುಗಾಡಿಯ ಎಂಜಿನ್ನುಗಳು ನಿಲ್ಲಬೇಕಾದ ಸಂಜ್ಞೆಯನ್ನು ಮೀರಿ ಕೂಡುದಾರಿಗೆ ನುಗ್ಗಿದುವು. ಹಿಂದಿನಿಂದ ವೇಗವಾಗಿ ಬಂದ ಪ್ರಯಾಣಿಕರ ರೈಲು ಅವುಗಳಿಗೆ ಅಪ್ಪಳಿಸಿತು. ೧೬ ಜನ ಸತ್ತರು. ಎಂಜಿನ್ನಿನಲ್ಲಿದ್ದ ಇಬ್ಬರು ನೌಕರರೂ ಗಾಂಜಾ ಸೇದಿದ್ದರೆಂದು ವಿಚಾರಣೆಯಲ್ಲಿ ತಿಳಿದುಬಂತು. ಎಚ್ಚರಿಕೆಯ ಸಿಳ್ಳೆಯ ಸದ್ದು ಕೇಳದಂತೆ ಅದಕ್ಕೆ ಪಟ್ಟಿ ಅಂಟಿಸಿದ್ದುದೂ ಕಂಡುಬಂತು. ಒಬ್ಬನು ತಪ್ಪಿದರೆ ಇನ್ನೊಬ್ಬನು ತಡೆಯಲೆಂದೇ ಇಬ್ಬರನ್ನು ನೇಮಿಸುವುದು. ಇಬ್ಬರೂ ಒಂದೇ ಚಟದಲ್ಲಿ ಪಾಲುಗಾರರಾದಾಗ ತಡೆಯುವವರು ಯಾರು? ೧೯೯೧ರಲ್ಲಿ ಆ ದೇಶವು ಸಾರಿಗೆಯ ಕೆಲಸಗಾರರನ್ನು ಅಮಲು ಪದಾರ್ಥಗಳಿಗಾಗಿ ಪರೀಕ್ಷಿಸುವ ಕಾನೂನನ್ನು ಮಾಡಿದುದಕ್ಕೆ ಈ ದುರಂತವೂ ಒಂದು ಕಾರಣವಾಯಿತು.

ಪರೀಕ್ಷೆಗಳ ವಿಷಯದಲ್ಲಿಯೂ ನ್ಯಾಯವಿರಬೇಕು. ಟಿ.ಎಚ್.ಸಿ.ಯು ದೇಹದ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ಅದರ ಕುರುಹು ಮೂತ್ರದಲ್ಲಿ ದಿನಗಟ್ಟಲೆ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಕಾಣಿಸಿಕೊಳ್ಳುವುದು. ಕುರುಹು ಕಂಡ ಮಾತ್ರಕ್ಕೆ ಅವನು ಆ ಗಳಿಗೆಯಲ್ಲಿ ಅಮಲಿನಲ್ಲಿದ್ದನೆಂದು ಹೇಳಲಾಗದು. ಆದಕಾರಣ ಅಂಥವನನ್ನು ಅಪಾಯದ ಕೆಲಸದಿಂದ ಬಿಡಿಸಿ ವೈದ್ಯರ ಬಳಿಗೆ ಕಳುಹಿಸುವುದು ವಿವೇಕ. ಒಮ್ಮೆಗೇ ಬೀದಿಗೆ ನೂಕುವುದು ವಿವೇಕವಲ್ಲ.

೫. ಮನೆಯ ಮೇಲೆ ಬೀಳುವ ಭಾರ

ನಮ್ಮ ಕಾನೂನನ್ನು ಸಂಕ್ಷೇಪವಾಗಿ ತಿಳಿಯೋಣ. ೧೯೮೫ರ ಮಾದಕ ವಸ್ತುಗಳ ಕಾಯಿದೆಯಂತೆ ಗಾಂಜಾವನ್ನು ಬೆಳೆಯುವುದೂ ಇಟ್ಟುಕೊಳ್ಳುವುದೂ ಮಾರುವುದೂ ಸೇದುವುದೂ ಅಪರಾಧ. ಬರಿಯ ಸೇವನೆಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ೧೦,೦೦೦ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ೨೦ ಕಿಲೋಗ್ರಾಮಿಗಿಂತ ಹೆಚ್ಚಾಗಿ ಇಟ್ಟುಕೊಂಡವರಿಗೆ ಹತ್ತು ವರ್ಷಗಳಿಗೆ ಕಡಮೆಯಿಲ್ಲದ ಕಠಿನ ಸೆರೆ. ಹೊಲದಲ್ಲಿ ಬೇರೆ ಬೆಳೆಯ ನಡುವೆ ನಾಲ್ಕು ಗಿಡಗಳನ್ನು ಬೆಳೆದರೂ ಹತ್ತು ವರ್ಷಗಳವರೆಗೆ ಸೆರೆಯಾಗಬಹುದು. ತನ್ನ ಭೂಮಿಯಲ್ಲಿ ಇಂಥ ಗಿಡವಿರುವುದನ್ನು ಬಲ್ಲ ಭೂಮಾಲೀಕನು ಅಧಿಕಾರಿಗಳಿಗೆ ತಿಳಿಸಬೇಕೆಂದೂ ಕಾಯಿದೆಯು ವಿಧಿಸುವುದು. ಭೂಮಿಯನ್ನು ಗುತ್ತಿಗೆಗೆ ಕೊಟ್ಟವರು ಇದನ್ನು ನೆನಪಿನಲ್ಲಿಡಬೇಕು.

ವಾಹನಗಳಿಗೆ ಸಂಬಂಧಪಟ್ಟ ಕಾನೂನು ೧೯೮೮ರ ಮೋಟಾರು ವಾಹನ ಕಾಯಿದೆ. ಅದರ ೧೮೫ನೆಯ ವಿಧಿಯು ಮದ್ಯಕ್ಕೆ ರಕ್ತದ ೧೦೦ ಮಿಲಿಲೀಟರಿಗೆ ೩೦ ಮಿಲಿಗ್ರಾಮಿನ ಮಿತಿಯನ್ನು ಗೊತ್ತುಮಾಡಿದೆ. ಇತರ ಅಮಲು ಪದಾರ್ಥಗಳಿಗೆ ಅಂಥ ಅಂಕಿಯಿಲ್ಲ; ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲಾರದಷ್ಟು ಅಮಲಿನಲ್ಲಿದ್ದರೆ ಅಪರಾಧ. ೨೦೧೯ರ ತಿದ್ದುಪಡಿಯಂತೆ ಮೊದಲನೆಯ ಸಲ ಆರು ತಿಂಗಳವರೆಗೆ ಸೆರೆ, ಇಲ್ಲವೆ ೧೦,೦೦೦ ರೂಪಾಯಿಗಳ ದಂಡ, ಇಲ್ಲವೆ ಎರಡೂ. ಇಂಥ ಅಪರಾಧಕ್ಕೆ ಪ್ರೇರಣೆ ಕೊಟ್ಟವರಿಗೂ ಶಿಕ್ಷೆಯುಂಟು. ಅಮಲಿನಲ್ಲಿರುವುದನ್ನು ಕಂಡೂ “ಹೋಗಿ ಬಾ” ಎಂದು ಬೀಗದಕೈ ಕೊಡುವ ಲಾರಿಯ ಯಜಮಾನನು ಇದನ್ನು ಅರಿತಿರಬೇಕು. ಅಮಲಿನಲ್ಲಿ ನಡೆಸಿದ ಗಾಡಿಯು ಜಖಂ ಆದರೆ ಆ ಜಖಮಿನ ವಿಮಾಹಣವು ಮಾಲೀಕನಿಗೆ ದೊರೆಯುವುದಿಲ್ಲ. ಸಾಲದ ಮೇಲೆ ಕೊಂಡ ಗಾಡಿಯಾದರೆ ಗಾಡಿ ಹೋಗಿ ಸಾಲ ಮಾತ್ರ ಉಳಿಯುವುದು.

ಕಾನೂನಿನ ಈ ಅಂಕಿಗಳ ಹಿಂದೆ ಒಂದು ಮನೆಯಿರುವುದು. ಚಾಲಕನ ಪರವಾನಿಗೆ ಹೋದ ದಿನದಿಂದ ಆ ಮನೆಯಲ್ಲಿ ಒಂದೊಂದಾಗಿ ವಸ್ತುಗಳು ಕಡಮೆಯಾಗುತ್ತ ಬರುವುವು. ಮೊದಲು ಹಾಲು ನಿಲ್ಲುವುದು. ಬಳಿಕ ತಾಯಿಯ ಓಲೆಗಳು ಅಡವಿಗೆ ಹೋಗುವುವು. ಆಮೇಲೆ ಮಗಳ ಓದಿನ ಮಾತು ಬರುವುದು. ಗಂಡುಮಕ್ಕಳ ಓದನ್ನು ಹೇಗಾದರೂ ಸಾಗಿಸಿ, ಹೆಣ್ಣುಮಗಳನ್ನು ಅಡಿಕೆ ಸುಲಿಯಲೂ ಈರುಳ್ಳಿ ಹಸನುಮಾಡಲೂ ಕಳುಹಿಸುವ ಮನೆಗಳು ನಮ್ಮ ಸೀಮೆಯಲ್ಲಿ ಇಲ್ಲವೆನ್ನಲಾಗದು. ಯಾರೋ ಸೇದಿದ ಚಿಲುಮೆಯ ಬೂದಿಯು ಕೊನೆಗೆ ಬೀಳುವುದು ಒಬ್ಬ ಬಾಲಿಕೆಯ ಪುಸ್ತಕದ ಮೇಲೆ. ನಮ್ಮ ಶಾಲೆಯ ಸಂಚಿಕೆಯಲ್ಲಿ ಈ ವಿಷಯಕ್ಕೆ ಸ್ಥಳ ಕೊಟ್ಟುದಕ್ಕೆ ಇದೇ ಕಾರಣ.

ಇದಕ್ಕಿಂತಲೂ ದೊಡ್ಡ ಭಾರವೆಂದರೆ ಮೌನ. ಹೇಳಿದರೆ ಪೊಲೀಸರು ಹಿಡಿದುಕೊಂಡು ಹೋಗುವರೆಂದು ಹೆಂಡತಿಗೆ ಭಯ. ಮಗಳಿಗೆ ವರ ಸಿಕ್ಕುವುದಿಲ್ಲವೆಂದು ತಾಯಿಗೆ ಭಯ. ಕೆಲಸ ಹೋಗುವುದೆಂದು ಸೇದುವವನಿಗೇ ಭಯ. ಹೀಗೆ ಎಲ್ಲರೂ ಬಲ್ಲ ಸಂಗತಿಯನ್ನು ಯಾರೂ ಆಡದಿರುವುದರಿಂದ ಚಟವು ಬಾಗಿಲು ಮುಚ್ಚಿದ ಕೋಣೆಯಲ್ಲಿ ನಿಶ್ಚಿಂತೆಯಾಗಿ ಬೆಳೆಯುವುದು.

೬. ಮಾಡತಕ್ಕುದೇನು?

ಈ ಭಯವನ್ನು ಕಡಮೆಮಾಡುವ ಒಂದು ವಿಧಿಯು ಕಾಯಿದೆಯಲ್ಲಿಯೇ ಇದೆಯೆಂಬುದನ್ನು ಬಹುಮಂದಿ ಅರಿಯರು. ೧೯೮೫ರ ಕಾಯಿದೆಯ ೬೪-ಎ ವಿಧಿಯಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಒಳಗಾದ ವ್ಯಸನಿಯು ಸರ್ಕಾರದ ಅಥವಾ ಸರ್ಕಾರವು ಮಾನ್ಯಮಾಡಿದ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ತಿಮಾಡಿದರೆ ಅವನ ಮೇಲೆ ಮೊಕದ್ದಮೆ ನಡೆಯದು. ಚಟಕ್ಕೆ ಬಿದ್ದವನು ಮೊದಲು ರೋಗಿಯೆಂದು ಕಾನೂನೇ ಒಪ್ಪಿರುವಾಗ ಬಂಧುಗಳು ಒಪ್ಪಲು ಹಿಂಜರಿಯಬೇಕಾದುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಗಳ ಚಿಕಿತ್ಸೆಗೆಂದೇ ಒಂದು ವಿಭಾಗವಿದೆ. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಎಂಬ ಸಂಖ್ಯೆಗೂ, ವ್ಯಸನಮುಕ್ತಿಯ ಸಹಾಯಕ್ಕೆಂದಿರುವ ೧೪೪೪೬ ಎಂಬ ಸಂಖ್ಯೆಗೂ ಮನೆಯಿಂದಲೇ ದೂರವಾಣಿ ಮಾಡಬಹುದು. ನಿತ್ಯ ಸೇದುತ್ತಿದ್ದವನು ಬಿಟ್ಟಾಗ ಒಂದೆರಡು ವಾರ ಸಿಡುಕು, ನಿದ್ದೆಗೇಡು, ಊಟ ಸೇರದಿರುವಿಕೆ ಇರುವುವು. ಮೊದಲನೆಯ ವಾರವೇ ಕಷ್ಟದ ಕಾಲ. ಇದು ದೇಹವು ತನ್ನ ಹಳೆಯ ಹದಕ್ಕೆ ಮರಳುವ ಗುರುತು. ಆ ದಿನಗಳಲ್ಲಿ ಮನೆಯವರು ಹಂಗಿಸದೆ ತಾಳಿಕೊಂಡರೆ ಅದೇ ಅರ್ಧ ಔಷಧ.

ಮಾಲೀಕರು ಮಾಡತಕ್ಕುದು ಇಷ್ಟು: ಮರವೇರುವ, ಯಂತ್ರ ನಡೆಸುವ, ಗಾಡಿ ಓಡಿಸುವ ಕೆಲಸಗಳಿಗೆ ಮುಂಚೆ ಆಳನ್ನು ಮಾತಾಡಿಸಿ ನೋಡಬೇಕು, “ಈ ಹೊತ್ತು ನನ್ನಿಂದ ಆಗದು” ಎಂದು ನಿಜ ಹೇಳಿದವನಿಗೆ ನೆಲದ ಮೇಲಿನ ಬೇರೆ ಕೆಲಸ ಕೊಟ್ಟು ಆ ದಿನದ ಕೂಲಿಯನ್ನು ಉಳಿಸಬೇಕು. ನಿಜ ಹೇಳಿದವನ ಕೂಲಿ ಕತ್ತರಿಸಿದರೆ ನಾಳೆಯಿಂದ ಎಲ್ಲರೂ ಸುಳ್ಳು ಹೇಳಲು ಕಲಿಯುವರು. ರಾತ್ರಿಯಿಡೀ ಓಡಿಸಿ ಬಂದವನನ್ನು ಮತ್ತೆ ಬೆಳಿಗ್ಗೆ ಓಡಿಸಬಾರದು.

ಜೊತೆಗಾರರು ಮಾಡತಕ್ಕುದು, ಕನಿಕರವನ್ನು ಸರಿಯಾದ ಕಡೆಗೆ ತಿರುಗಿಸುವುದು. ಅಮಲಿನಲ್ಲಿರುವವನನ್ನು ಮರದಿಂದ ಇಳಿಸುವುದೇ ಅವನ ಮಕ್ಕಳ ಮೇಲಿನ ಕನಿಕರ. ಯುವಕರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹದಿಹರೆಯದಲ್ಲಿ ಹಿಡಿದ ಈ ಚಟವು ಬೆಳೆದ ಮೇಲೆ ಹಿಡಿದುದಕ್ಕಿಂತ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದೆಂದು ವೈದ್ಯರು ಹೇಳುವರು.

ಇನ್ನು ನಮ್ಮ ಬಾಲಿಕೆಯರು ಮಾಡತಕ್ಕುದೇನು? ಲೋಕವನ್ನೆಲ್ಲ ತಿದ್ದುವ ಭಾರವನ್ನು ನಿಮ್ಮ ತಲೆಯ ಮೇಲೆ ಹೊರಿಸುವ ಉದ್ದೇಶ ನಮಗಿಲ್ಲ. ಹಿರಿಯರ ಚಟಕ್ಕೆ ಮಕ್ಕಳು ಹೊಣೆಗಾರರಲ್ಲ. ಆದರೆ ಮೂರು ಸಂಗತಿಗಳು ನಿಮ್ಮ ಕೈಯಲ್ಲಿವೆ. ಅಮಲಿನಲ್ಲಿರುವವರು, ಎಷ್ಟೇ ಹತ್ತಿರದವರಾಗಲಿ, ನಡೆಸುವ ಗಾಡಿಯನ್ನು ಹತ್ತಬೇಡಿರಿ. ತಮ್ಮ ತಂಗಿಯರನ್ನೂ ಹತ್ತಗೊಡಬೇಡಿರಿ. ಮನೆಯಲ್ಲಿ ಕಂಡುದನ್ನು ನಂಬಿಕೆಗೆ ಅರ್ಹರಾದ ಒಬ್ಬ ಹಿರಿಯರಿಗೆ, ಅಜ್ಜಿಗಾಗಲಿ ಸೋದರಮಾವನಿಗಾಗಲಿ ಉಪಾಧ್ಯಾಯಿನಿಗಾಗಲಿ, ಹೇಳಿರಿ. ಅದು ಮನೆಯ ಮಾನ ಕಳೆಯುವುದಲ್ಲ, ಮನೆಯನ್ನು ಉಳಿಸುವುದು. ಮೂರನೆಯದಾಗಿ, ಅಮಲಿನಲ್ಲಿರುವವರೊಡನೆ ವಾದಕ್ಕೆ ನಿಲ್ಲಬೇಡಿರಿ. ಅಳತೆಗೋಲು ಕಳೆದುಕೊಂಡವನಿಗೆ ಅಳತೆಯನ್ನು ಒಪ್ಪಿಸಲಾಗದು. ಆಗ ಬೇಕಾದುದು ಕಾಲಾವಕಾಶ ಮಾತ್ರ. ಚಾಪೆ ಹಾಸಿ, ಊಟಕ್ಕೆ ಬಡಿಸಿ, ಬೀಗದಕೈಯನ್ನು ತಾಯಿಯ ಕೈಗೆ ಕೊಟ್ಟು, “ಅಣ್ಣಾ, ಈ ಹೊತ್ತು ಗಾಡಿ ತೆಗೆಯಬೇಡ; ಮಲಗಿ ಎದ್ದು, ಬೆಳಗಾದ ಮೇಲೆ ಹೋಗುವಿಯಂತೆ” ಎಂದು ಹೇಳುವ ಮೃದುವಾದ ಒಂದು ಮಾತು ಸಾಕು. ಬೆಳಗಾದ ಮೇಲೆ, ಅವನ ತಲೆ ತಿಳಿಯಾಗಿರುವಾಗ, ಉಳಿದ ಮಾತುಗಳನ್ನು ಹಿರಿಯರು ಆಡಲಿ.